ಫೌಂಡೇಶನ್ ವರ್ಷ ದಂಡವೇ ಎಂದು ಕೇಳಿದ ತಂಗಿಗೆ

ದ್ವಿತೀಯ ಪಿಯುಸಿಯ ಗಣಿತದಲ್ಲಿ 61, ಭೌತಶಾಸ್ತ್ರದಲ್ಲಿ 58 ಅಂಕ ಬಂದಿವೆಯೆಂದೂ, ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದು ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ ಎಂಜಿನಿಯರಿಂಗ್ ಪದವಿಗೆ ಮೊದಲೊಂದು ಫೌಂಡೇಶನ್ ವರ್ಷವನ್ನು ಸೇರಿಸಿ ಸೀಟು ಕೊಡಲು ಒಪ್ಪಿದೆಯೆಂದೂ ಬರೆದಿದ್ದೀಯ. ಪಿಯುಸಿಯನ್ನೇ ಮತ್ತೊಮ್ಮೆ ಓದಿದಂತಾಗಿ ಒಂದು ವರ್ಷ ದಂಡವಾಗುವುದಿಲ್ಲವೇ, ಕೆಲಸ ಮಾಡಿಕೊಂಡು ಫೀಸು ಕಟ್ಟಬಹುದೇ, ಊಟ ಮತ್ತು ಚಳಿಗೆ ಏನು ಮಾಡುವುದು, ಓದು ಮುಗಿಸಿ ಊರಿಗೆ ಮರಳಿದರೆ ಆ ಪದವಿಗೆ ಬೆಲೆಯಿದೆಯೇ ಎಂಬುದು ನಿನ್ನ ಪ್ರಶ್ನೆಗಳು. ಅಕ್ಕ ಎಂದು ಕರೆದಿರುವುದರಿಂದ ಏಕವಚನದಲ್ಲಿಯೇ ಬರೆಯುತ್ತೇನೆ. ನಾನೂ ಇದೇ ದಾರಿಯಲ್ಲಿ ಬಂದವಳು. ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ 2008ರಲ್ಲಿಯೇ, ಸೆಪ್ಟೆಂಬರ್ ತಿಂಗಳಿನಲ್ಲಿ, ತಿಪಟೂರಿನಿಂದ ಹೊರಟು ಇಲ್ಲಿಗೆ ಬಂದು ಫೌಂಡೇಶನ್ ವರ್ಷಕ್ಕೆ ಸೇರಿದೆ. ಈಗ ಹೈವೋಲ್ಟೇಜ್ ಸಬ್‌ಸ್ಟೇಷನ್‌ಗಳ ರಕ್ಷಣಾ ರಿಲೇಗಳ, ಅಂದರೆ ಲೈನಿನಲ್ಲಿ ದೋಷ ಕಂಡೊಡನೆ ವಿದ್ಯುತ್ತನ್ನು ಕಡಿಸುವ ಸಾಧನಗಳ, ಕೆಲಸದಲ್ಲಿದ್ದೇನೆ.

ಊಟ, ಚಳಿಯ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. ಅಕ್ಕಿ, ಬೇಳೆ, ರಾಗಿ ಹಿಟ್ಟು ಎಲ್ಲವೂ ದೊಡ್ಡ ಊರುಗಳ ಭಾರತೀಯ ಅಂಗಡಿಗಳಲ್ಲಿ ದೊರೆಯುತ್ತವೆ. ಅಮ್ಮನ ಸಾರಿನ ಪುಡಿ ದೊರೆಯುವುದಿಲ್ಲ, ಅದನ್ನು ತಾ. ಚಳಿಯ ಕೋಟನ್ನು ಇಲ್ಲಿಗೆ ಬಂದು ಕೊಂಡುಕೋ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುತ್ತದೆ; ಚಳಿಗಿಂತ ಅದಕ್ಕೆ ಮನಸ್ಸನ್ನು ಸಿದ್ಧಗೊಳಿಸಿಕೊಳ್ಳಬೇಕು. ಆ ದಿನಗಳಲ್ಲಿ ಮನೆಗೆ ಫೋನ್ ಮಾಡುವ ಹೊತ್ತನ್ನು ಗೊತ್ತುಮಾಡಿಕೋ, ಏಕೆಂದರೆ ನಿನ್ನ ತರಗತಿಗಳು ಮುಗಿಯುವಷ್ಟರಲ್ಲಿ ಊರಿನಲ್ಲಿ ಎಲ್ಲರೂ ಮಲಗಿರುತ್ತಾರೆ.

ಇನ್ನು ಮುಖ್ಯ ಪ್ರಶ್ನೆ. ಆ ವರ್ಷ ದಂಡವೇ ಎಂದು ಕೇಳುವ ಮೊದಲು, ಆ ವರ್ಷ ನಿನಗೆ ಬೇಕೇ ಬೇಕೇ ಎಂದು ಕೇಳಬೇಕು. ಇಲ್ಲಿನ ವಿಶ್ವವಿದ್ಯಾಲಯಗಳೆಲ್ಲವೂ ನಮ್ಮ ಹನ್ನೆರಡನೆಯ ತರಗತಿಯನ್ನು ಒಂದೇ ರೀತಿಯಲ್ಲಿ ಅಳೆಯುವುದಿಲ್ಲ. ಕೆಲವು ವಿಶ್ವವಿದ್ಯಾಲಯಗಳು ಒಳ್ಳೆಯ ಅಂಕವಿದ್ದರೆ ನೇರವಾಗಿ ಮೊದಲ ವರ್ಷಕ್ಕೆ ಸೇರಿಸಿಕೊಳ್ಳುತ್ತವೆ, ಕೆಲವು, ರಾಜ್ಯ ಮಂಡಳಿಗಳಲ್ಲಿ ಓದಿದವರಿಂದ ಹೆಚ್ಚಿನ ಅಂಕ ಕೇಳುತ್ತವೆ, ಇನ್ನು ಕೆಲವು ಫೌಂಡೇಶನ್ ಇಲ್ಲದೆ ಒಪ್ಪುವುದೇ ಇಲ್ಲ. ಒಂದು ಕಡೆಯಿಂದ ಬಂದ ಉತ್ತರವನ್ನೇ ಕೊನೆಯ ಮಾತೆಂದು ಹಿಡಿಯಬೇಡ. ಏಜೆಂಟರು ಹೇಳಿದರೆಂದಂತೂ ಬೇಡವೇ ಬೇಡ. ಅವರಿಗೆ ಕಮಿಷನ್ ಬರುವ ದಾರಿಯನ್ನೇ ಅವರು ತೋರಿಸುವುದು ಸಹಜ. ಪ್ರವೇಶ ವಿಭಾಗಕ್ಕೆ ನೀನೇ ಮಿಂಚಂಚೆ ಬರೆದು, ಅಂಕಪಟ್ಟಿಯನ್ನು ಲಗತ್ತಿಸಿ ಕೇಳು.

ನಿನ್ನ ಅಂಕಗಳನ್ನು ನೋಡಿದರೆ ಫೌಂಡೇಶನ್ ಬೇಕಾಗಬಹುದು ಎಂದೇ ನನಗೂ ಅನ್ನಿಸುತ್ತದೆ. ಹಾಗಿದ್ದರೆ ಅಲ್ಲಿ ಏನಿರುತ್ತದೆಂದು ತಿಳಿದುಕೊಂಡು ಬಾ. ಇಲ್ಲಿನ ಲೆಕ್ಕದಲ್ಲಿ ಪದವಿಯ ಮೂರು ವರ್ಷಗಳು 4, 5, 6ನೆಯ ಹಂತಗಳಾದರೆ ಫೌಂಡೇಶನ್ 3ನೆಯ ಹಂತ. ತ್ರಿಕೋನಮಿತಿ, ಮ್ಯಾಟ್ರಿಕ್ಸ್, ಅವಕಲನ, ಅನುಕಲನ, ಸಂಕೀರ್ಣ ಸಂಖ್ಯೆ, ಓಮ್ ಮತ್ತು ಕಿರ್ಕಾಫ್ ನಿಯಮಗಳು, ಒಂದಿಷ್ಟು ಯಂತ್ರಶಾಸ್ತ್ರ, ಒಂದಿಷ್ಟು ಪ್ರೋಗ್ರಾಮಿಂಗ್. ಪಾಠದ ಹೆಸರುಗಳನ್ನು ಮಾತ್ರ ನೋಡಿದರೆ ಪಿಯುಸಿಯ ಪುಸ್ತಕವನ್ನೇ ತಿರುಗಿ ತೆರೆದಂತೆ ಕಾಣುತ್ತದೆ. ಈ ವರ್ಷದ ಅಂಕಗಳು ಪದವಿಯ ದರ್ಜೆಗೆ ಸೇರುವುದಿಲ್ಲವಾದ್ದರಿಂದ ನಮ್ಮ ಕಡೆಯ ಹುಡುಗರು ಅದನ್ನು ಹಗುರವಾಗಿ ತೆಗೆದುಕೊಂಡು, ಮುಂದಿನ ವರ್ಷಕ್ಕೆ ಹೋಗಲು ಬೇಕಾದ ಅಂಕವೂ ಬಾರದೆ ನಿಂತದ್ದನ್ನು ನೋಡಿದ್ದೇನೆ. ಇಲ್ಲಿ 40 ಬಂದರೆ ಪಾಸು, 70 ಬಂದರೆ ಪ್ರಥಮ ದರ್ಜೆ. ಆದರೆ ಆ 70ನ್ನು ಗಳಿಸುವುದು ಪಿಯುಸಿಯಲ್ಲಿ 90 ಗಳಿಸಿದ್ದಕ್ಕಿಂತ ಕಷ್ಟ.

ಆ ವರ್ಷದ ನಿಜವಾದ ಪಾಠ ನನಗೆ ಸಿಕ್ಕಿದ್ದು ಲ್ಯಾಬಿನಲ್ಲಿ. ಒಂದೊಂದು ಮೆಗಾಓಮ್‌ನ ಎರಡು ರೆಸಿಸ್ಟರ್‌ಗಳನ್ನು ಸರಣಿಯಲ್ಲಿ ಜೋಡಿಸಿ, 10 ವೋಲ್ಟ್ ಕೊಟ್ಟು, ಒಂದರ ಮೇಲಿನ ವೋಲ್ಟೇಜನ್ನು ಅಳೆಯಲು ಹೇಳಿದ್ದರು. ಲೆಕ್ಕದ ಪ್ರಕಾರ 5 ವೋಲ್ಟ್ ಬರಬೇಕು, ಮಲ್ಟಿಮೀಟರ್ 4.76ರ ಆಸುಪಾಸು ತೋರಿಸುತ್ತಿತ್ತು. ನಮ್ಮ ಪಿಯು ಲ್ಯಾಬಿನಲ್ಲಿ ರೀಡಿಂಗ್ ಹೊಂದಿಸಿ ರೆಕಾರ್ಡ್ ಬರೆಯುವ ರೂಢಿ ನಿನಗೂ ಗೊತ್ತಿರುವುದೇ, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಜೊತೆಗಾರ ಎಲೆಕ್ಟ್ರಿಷಿಯನ್ ಆಗಿ ದುಡಿದು, ಆಮೇಲೆ ಓದಲು ಬಂದ ಸ್ಥಳೀಯ ಯುವಕ. ಅವನು ಸ್ವಲ್ಪವೂ ಅಳುಕದೆ 4.76 ಎಂದೇ ಬರೆದು, ಇದು ಏಕೆ ಕಡಿಮೆ ಬಂತು ಎಂದು ಮೀಟರಿನ ಕೈಪಿಡಿಯನ್ನು ತೆರೆದು ಕುಳಿತ. ಮೀಟರಿನ ಒಳಗೆ 10 ಮೆಗಾಓಮ್ ರೋಧವಿದೆಯೆಂದು ಅಲ್ಲಿ ಬರೆದಿತ್ತು. ಅದು ನಾವು ಅಳೆಯುತ್ತಿದ್ದ ರೆಸಿಸ್ಟರಿಗೆ ಸಮಾಂತರವಾಗಿ ಸೇರಿಕೊಂಡಾಗ 1 ಮೆಗಾಓಮ್ ಸುಮಾರು 0.91ಕ್ಕೆ ಇಳಿಯುತ್ತದೆ, ಆಗ ಲೆಕ್ಕವೂ 4.76 ಎಂದೇ ಬರುತ್ತದೆ. ಅಳೆಯುವ ಉಪಕರಣವೇ ಅಳತೆಯನ್ನು ಬದಲಿಸಿತ್ತು. ಚೊಕ್ಕವಾಗಿ 5.00 ಎಂದು ಬರೆದವರನ್ನು ಮೇಷ್ಟ್ರು, ನೀವು ಮೀಟರನ್ನು ನೋಡಿ ಬರೆದಿರೋ ಪುಸ್ತಕವನ್ನು ನೋಡಿ ಬರೆದಿರೋ ಎಂದು ಕೇಳಿದರು. ಅಂಕ ದೊರೆತದ್ದು ಆ 0.24 ವೋಲ್ಟಿನ ವ್ಯತ್ಯಾಸಕ್ಕೆ ಕಾರಣ ಬರೆದವರಿಗೆ.

ಕಿರ್ಕಾಫ್ ನಿಯಮ ನನಗೆ ತಿಪಟೂರಿನಲ್ಲಿಯೇ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು, ಬಂದ ರೀಡಿಂಗನ್ನು ಬಂದಂತೆಯೇ ಬರೆದು ಅದರ ಪರವಾಗಿ ನಿಂತು ಮಾತನಾಡುವುದು. ಆ ಅಭ್ಯಾಸವಿಲ್ಲದೆ ಮೊದಲ ವರ್ಷಕ್ಕೆ ನೇರವಾಗಿ ಬಂದವರು ವರದಿ ಬರೆಯುವುದರಲ್ಲಿಯೂ ಪ್ರಾಜೆಕ್ಟಿನಲ್ಲಿಯೂ ಬಹಳ ಒದ್ದಾಡಿದರು. ಗೆಳತಿಯ ವರದಿಯ ನಾಲ್ಕು ಸಾಲನ್ನು ತನ್ನದರಲ್ಲಿ ಸೇರಿಸಿಕೊಳ್ಳುವುದು ನಮ್ಮಲ್ಲಿ ಸ್ನೇಹದ ಭಾಗ. ಇಲ್ಲಿ ಅದು ವಿಚಾರಣೆಗೆ ಹೋಗುವ ಅಪರಾಧ. ಈ ವಿಷಯದಲ್ಲಿ ಯಾರ ದಾಕ್ಷಿಣ್ಯಕ್ಕೂ ಒಳಗಾಗಬೇಡ, ನಿನ್ನ ಫೈಲನ್ನು ಯಾರಿಗೂ ಕಳುಹಿಸಬೇಡ.

ನನ್ನ ಅಪ್ಪ ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದವರು. ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನಿನ ಕರೆಂಟ್ ತೆಗೆದ ಅನುಮತಿ) ಕೊಟ್ಟಿದ್ದೇವೆ ಎಂದು ಸ್ಟೇಷನ್ನಿನಿಂದ ಎಷ್ಟು ಖಚಿತವಾಗಿ ಹೇಳಿದರೂ, ತಾವೇ ನೋಡಿ, ತಂತಿಯನ್ನು ನೆಲಕ್ಕೆ ಜೋಡಿಸಿ ಅರ್ಥ್ ಮಾಡುವವರೆಗೆ ತಂತಿಯಲ್ಲಿ ಕರೆಂಟ್ ಇದೆಯೆಂದೇ ತಿಳಿಯುತ್ತಿದ್ದರು. ಇಲ್ಲಿ ಕೆಲಸಕ್ಕೆ ಸೇರಿದ ಮೇಲೆ ನನಗೆ ಕಲಿಸಿದ ಕ್ರಮವೂ ಅದೇ: ಮೊದಲು ಪರೀಕ್ಷಕವನ್ನು ಕರೆಂಟಿರುವ ಕಡೆ ಇಟ್ಟು ಅದು ಸರಿಯಾಗಿದೆಯೆಂದು ನೋಡಬೇಕು, ಆಮೇಲೆ ಸರ್ಕ್ಯೂಟನ್ನು ಪರೀಕ್ಷಿಸಬೇಕು, ಮತ್ತೆ ಪರೀಕ್ಷಕವನ್ನೇ ಪರೀಕ್ಷಿಸಬೇಕು. ಕಂಬ ಹತ್ತುವವರಿಗೆ ಗೊತ್ತಿದ್ದ ಈ ಶಿಸ್ತು ನಮ್ಮ ಕಾಲೇಜಿನ ಲ್ಯಾಬಿಗೆ ಏಕೆ ಬರಲಿಲ್ಲವೋ ತಿಳಿಯದು. ಇದನ್ನೆಲ್ಲ ಅಪ್ಪನೊಂದಿಗೆ ಕುಳಿತು ಮಾತನಾಡುವಷ್ಟು ವಿದ್ಯೆ ನನಗೆ ಬರುವ ಹೊತ್ತಿಗೆ ಅವರು ಇರಲಿಲ್ಲ.

ಇಷ್ಟು ಹೇಳಿದ ಮೇಲೆ ಆ ವರ್ಷ ತೆಗೆದುಕೊಂಡದ್ದೇನು ಎಂಬುದನ್ನೂ ಹೇಳಬೇಕು, ಏಕೆಂದರೆ ಅದು ಫೀಸಿನ ಪಟ್ಟಿಯಲ್ಲಿ ಕಾಣುವುದಿಲ್ಲ. ನಾನು ಬಂದಾಗ ಇಲ್ಲಿ ಪದವಿ ಮುಗಿಸಿದವರಿಗೆ ಓದಿನ ನಂತರ ಎರಡು ವರ್ಷ ಕೆಲಸ ಹುಡುಕಿಕೊಂಡು ಇರಲು ಒಂದು ವೀಸಾ ಇತ್ತು. ಸಾಲ ತೆಗೆದುಕೊಂಡಿದ್ದು, ಅಪ್ಪ ಸಹಿ ಹಾಕಿದ್ದು ಆ ಎರಡು ವರ್ಷಗಳ ದುಡಿಮೆಯನ್ನು ನಂಬಿಕೊಂಡೇ. 2011ರ ಮಾರ್ಚ್‌ನಲ್ಲಿ, ನಾನು ಪದವಿಯ ಎರಡನೆಯ ವರ್ಷದಲ್ಲಿದ್ದಾಗ, ಸರ್ಕಾರ ಅದನ್ನು ಮುಚ್ಚುವುದಾಗಿ ಪ್ರಕಟಿಸಿತು. 2012ರ ಏಪ್ರಿಲ್ 6ಕ್ಕೆ ಅದು ಮುಚ್ಚಿತು. ನನ್ನ ಪದವಿ ಮುಗಿದದ್ದು ಅದೇ ವರ್ಷದ ಬೇಸಿಗೆಯಲ್ಲಿ. ನಾನು ಬಂದ ವರ್ಷವೇ ಬಂದು, ಫೌಂಡೇಶನ್ ಇಲ್ಲದೆ ನೇರವಾಗಿ ಸೇರಿದವರು 2011ರಲ್ಲಿಯೇ ಮುಗಿಸಿ ಆ ವೀಸಾ ಪಡೆದರು. ನಮಗೂ ಅವರಿಗೂ ನಡುವೆ ಇದ್ದದ್ದು ಅದೊಂದೇ ವರ್ಷ. ಕೆಲಸದ ವೀಸಾಕ್ಕೆ ಪ್ರಾಯೋಜಿಸುವ ಕಂಪನಿಯೊಂದು ವಿದ್ಯಾರ್ಥಿ ವೀಸಾ ಮುಗಿಯುವ ಮೊದಲೇ ನನಗೆ ಸಿಕ್ಕಿತು. ನನಗಿಂತ ಚೆನ್ನಾಗಿ ಓದಿದ್ದ ಗೆಳತಿಯೊಬ್ಬಳಿಗೆ ಸಿಗದೆ, ತೀರದ ಸಾಲದೊಂದಿಗೆ ಊರಿಗೆ ಮರಳಿದಳು. ಅವಳ ತಂದೆಯ ತೋಟದ ಒಂದು ಭಾಗ ಆ ಸಾಲಕ್ಕೆ ಹೋಯಿತು. ಇಷ್ಟು ವರ್ಷಗಳಾದ ಮೇಲೂ ಆ ಬೇಸಿಗೆಯನ್ನು ನೆನೆದರೆ ನನಗೆ ಸಮಾಧಾನವಿಲ್ಲ.

ಆದ್ದರಿಂದ ಇಂದಿನ ನಿಯಮವನ್ನು ನೋಡಿ ನಾಲ್ಕು ವರ್ಷದ ನಂತರದ ಲೆಕ್ಕ ಹಾಕಬೇಡ. 2021ರ ಜುಲೈನಲ್ಲಿ ಗ್ರಾಜುಯೇಟ್ ವೀಸಾ ಎಂಬ ಹೆಸರಿನಲ್ಲಿ ಆ ಎರಡು ವರ್ಷಗಳು ಮತ್ತೆ ಬಂದವು. 2027ರ ಜನವರಿಯಿಂದ ಅರ್ಜಿ ಹಾಕುವ ಪದವೀಧರರಿಗೆ ಅದನ್ನು 18 ತಿಂಗಳಿಗೆ ಇಳಿಸುವುದೆಂದು ಈಗಾಗಲೇ ನಿರ್ಧರಿಸಿದ್ದಾರೆ. ನೀನು ಪದವಿ ಮುಗಿಸುವ ಹೊತ್ತಿಗೆ ಏನಿರುತ್ತದೆಂದು ಇಂದು ಯಾರೂ ಹೇಳಲಾರರು. ಆ ವೀಸಾ ಇಲ್ಲದಿದ್ದರೂ ಸಾಲ ತೀರಿಸಲು ಸಾಧ್ಯವೇ ಎಂದು ಮನೆಯವರೊಂದಿಗೆ ಕುಳಿತು ಲೆಕ್ಕ ಮಾಡು. ಸಾಧ್ಯವಿಲ್ಲವೆಂದಾದರೆ ಸಿಇಟಿ ಬರೆದು ಊರಿನಲ್ಲಿಯೇ ಬಿಇ ಓದಿ, ಎಂಎಸ್‌ಸಿಗೆ ಇಲ್ಲಿಗೆ ಬರುವುದರಲ್ಲಿ ಯಾವ ಕೊರತೆಯೂ ಇಲ್ಲ. ಇನ್ನೊಂದು ಮಿತಿಯೂ ಇದೆ. ಪದವಿ ಮಟ್ಟದ ಓದಿಗೆ ವಿದ್ಯಾರ್ಥಿ ವೀಸಾದಲ್ಲಿ ಸಾಮಾನ್ಯವಾಗಿ ಒಟ್ಟು ಐದು ವರ್ಷ ಮಾತ್ರ ಸಿಗುತ್ತದೆ. ಫೌಂಡೇಶನ್ ಸೇರಿದ ಬಿಎಂಗ್ ಪದವಿಗೆ, ಅಂದರೆ ಇಲ್ಲಿನ ಬಿಇಗೆ, ನಾಲ್ಕು ವರ್ಷ ಬೇಕು, ಸ್ನಾತಕೋತ್ತರ ಮಟ್ಟದವರೆಗೆ ಒಟ್ಟಿಗೇ ಓದುವ ಎಂಎಂಗ್‌ಗೆ ಐದು. ಎಂಎಂಗ್ ಆರಿಸಿಕೊಂಡರೆ ಈ ಮಿತಿ ಅದಕ್ಕೆ ಹೇಗೆ ಅನ್ವಯಿಸುತ್ತದೆಂದು ವಿಶ್ವವಿದ್ಯಾಲಯವನ್ನು ಮೊದಲೇ ಕೇಳು.

ಕೆಲಸ ಮಾಡಿ ಫೀಸು ಕಟ್ಟುವ ಮಾತನ್ನು ಮರೆತುಬಿಡು. ಪದವಿ ಮಟ್ಟದ ವಿದ್ಯಾರ್ಥಿಗಳಿಗೆ ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆ, ಅದಕ್ಕಿಂತ ಕೆಳಗಿನ ಮಟ್ಟದವರಿಗೆ 10 ಗಂಟೆ ಮಾತ್ರ ಕೆಲಸಕ್ಕೆ ಅನುಮತಿ. ನಿನ್ನ ವಯಸ್ಸಿನವರಿಗೆ ಕಾನೂನಿನ ಕನಿಷ್ಠ ವೇತನವೂ ದೊಡ್ಡವರಿಗಿಂತ ಕಡಿಮೆ. ಆ ಹಣದಲ್ಲಿ ದಿನಸಿಯೂ ಬಸ್ಸಿನ ಪಾಸೂ ಆಗಬಹುದು, ವಿದೇಶಿ ವಿದ್ಯಾರ್ಥಿಯ ಫೀಸು ಆಗುವುದಿಲ್ಲ. ವೀಸಾದ ಜೊತೆಗೆ ಆರೋಗ್ಯ ಸೇವೆಯ ಶುಲ್ಕವೆಂದು ವರ್ಷಕ್ಕೆ 776 ಪೌಂಡ್‌ನಂತೆ ಎಲ್ಲ ವರ್ಷಗಳದ್ದನ್ನೂ ಮೊದಲೇ ಕಟ್ಟಬೇಕು. ಏಜೆಂಟರ ಪಟ್ಟಿಯಲ್ಲಿ ಇದು ಕೊನೆಯಲ್ಲಿ ಸಣ್ಣಕ್ಷರದಲ್ಲಿರುತ್ತದೆ.

ಊರಿಗೆ ಮರಳಿದರೆ ಬೆಲೆಯಿದೆಯೇ ಎಂಬುದಕ್ಕೆ ಎರಡು ಉತ್ತರಗಳಿವೆ. ಬೆಂಗಳೂರಿನ ಖಾಸಗಿ ಕಂಪನಿಗಳು ನಿನ್ನ ಕೆಲಸವನ್ನು ನೋಡುತ್ತವೆ, ಅಲ್ಲಿ ತೊಂದರೆಯಿಲ್ಲ. ಕೆಪಿಟಿಸಿಎಲ್‌ನಂತಹ ಕಡೆ ಹೋಗುವ ಆಸೆ ನಿನಗಿದ್ದರೆ ಈಗಲೇ ಎಚ್ಚರವಹಿಸು. ಭಾರತ ಮತ್ತು ಬ್ರಿಟನ್ ಪರಸ್ಪರರ ಪದವಿಗಳನ್ನು ಮಾನ್ಯ ಮಾಡುವ ಒಪ್ಪಂದಕ್ಕೆ 2022ರ ಜುಲೈನಲ್ಲಿ ಸಹಿ ಹಾಕಿದರೂ ಎಂಜಿನಿಯರಿಂಗನ್ನು ವೈದ್ಯಕೀಯ, ಕಾನೂನುಗಳಂತೆ ಅದರ ಹೊರಗಿಟ್ಟರು. ನಮ್ಮ ಬಿಇ ನಾಲ್ಕು ವರ್ಷ, ಇಲ್ಲಿನ ಬಿಎಂಗ್ ಮೂರು. ಫೌಂಡೇಶನ್ ವರ್ಷವನ್ನು ಪದವಿಯ ವರ್ಷವೆಂದು ಎಲ್ಲರೂ ಒಪ್ಪುತ್ತಾರೆಂದು ಭಾವಿಸಬೇಡ. ವಿದೇಶಿ ಪದವಿಗಳ ಸಮಾನತೆಯನ್ನು ನಿರ್ಧರಿಸುವ ಭಾರತದ ಪ್ರಾಧಿಕಾರಕ್ಕೆ ಬರೆದು, ನಿನ್ನ ಕೋರ್ಸಿನ ಹೆಸರನ್ನು ಕೊಟ್ಟು, ಲಿಖಿತವಾಗಿ ಉತ್ತರ ಪಡೆ. ಪದವಿಗೆ ಐಇಟಿ ಎಂಬ, ಇಲ್ಲಿನ ಎಂಜಿನಿಯರುಗಳ ವೃತ್ತಿಪರ ಸಂಸ್ಥೆಯ ಮಾನ್ಯತೆ ಇದೆಯೇ ಎಂದೂ ನೋಡು. 1871ರಲ್ಲಿ ಟೆಲಿಗ್ರಾಫ್ ಎಂಜಿನಿಯರುಗಳ ಸಂಘವಾಗಿ ಹುಟ್ಟಿದ ಪರಂಪರೆ ಅದರದು. ಇಲ್ಲಿ ಚಾರ್ಟರ್ಡ್ ಎಂಜಿನಿಯರ್ ಎಂಬ ವೃತ್ತಿ ಮಾನ್ಯತೆ ಪಡೆಯಲು ಬಿಎಂಗ್ ಅರ್ಧ ದಾರಿಯಾದರೆ ಮಾನ್ಯತೆಯಿರುವ ಎಂಎಂಗ್ ಓದಿನ ಭಾಗವನ್ನು ಪೂರ್ತಿಗೊಳಿಸುತ್ತದೆ.

ಈ ವಿಷಯವನ್ನು ನೀನು ಆರಿಸಿಕೊಂಡಿದ್ದು ನನಗೆ ಬಹಳ ಸಂತೋಷ ತಂದಿದೆ. ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ 2024ರ ಸೆಪ್ಟೆಂಬರ್ 30ರಂದು ಮುಚ್ಚಿತು. ಸಮುದ್ರದ ಮೇಲಿನ ಗಾಳಿಯಂತ್ರಗಳಿಂದ ಬರುವ ವಿದ್ಯುತ್ತನ್ನು ಸ್ಥಿರವಾಗಿಡುವುದೇ ಈಗ ನಮ್ಮೆಲ್ಲರ ಕೆಲಸ, ಅದಕ್ಕೆ ಜನ ಬೇಕು. ಡೆನ್ಮಾರ್ಕಿನಿಂದ ಸಮುದ್ರದಡಿಯಲ್ಲಿ ಬರುವ ಡಿಸಿ ಕೇಬಲನ್ನು ಸಹೋದ್ಯೋಗಿಗಳು ಹೊಗಳಿದಾಗಲೆಲ್ಲ, ಒಡಿಶಾದ ತಾಲ್ಚೇರ್‌ನಿಂದ ನಮ್ಮ ಕೋಲಾರಕ್ಕೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಡಿಸಿ ಲೈನು ಬರುತ್ತದೆಂದೂ, ಅದೇ ಕೋಲಾರದ ಚಿನ್ನದ ಗಣಿಗೆ ಶಿವನಸಮುದ್ರದಿಂದ 1902ರಲ್ಲಿಯೇ ವಿದ್ಯುತ್ ಹೋಗಿತ್ತೆಂದೂ ನಾನು ಹೇಳುತ್ತೇನೆ. ನೀನೂ ಹೇಳು. ನಾವು ಏನೂ ಇಲ್ಲದ ಕಡೆಯಿಂದ ಬಂದವರಲ್ಲ.

ಈಗ ಮಾಡಬೇಕಾದದ್ದು ಇಷ್ಟು. ನಿನಗೆ ಬಂದಿರುವ ಆಫರ್ ಪತ್ರದಲ್ಲಿ ಫೌಂಡೇಶನ್ ನಡೆಸುವವರು ವಿಶ್ವವಿದ್ಯಾಲಯದವರೇ ಅಥವಾ ಅದರ ಆವರಣದಲ್ಲಿರುವ ಖಾಸಗಿ ಕಾಲೇಜೇ ಎಂದು ನೋಡು. ನಾಲ್ಕೂ ವರ್ಷಗಳಿಗೆ ಒಂದೇ ಕ್ಯಾಸ್ ಪತ್ರ (ವೀಸಾ ಅರ್ಜಿಗೆ ವಿಶ್ವವಿದ್ಯಾಲಯ ಕೊಡುವ ದೃಢೀಕರಣ) ಕೊಡುತ್ತಾರೆಯೇ, ಅಥವಾ ಫೌಂಡೇಶನ್ ಮುಗಿದ ಮೇಲೆ ಮತ್ತೆ ವೀಸಾಕ್ಕೆ ಹಣ ಕಟ್ಟಬೇಕೇ ಎಂದು ಕೇಳು. ಕೆಲಸದ ಗಂಟೆಗಳೂ ಇದನ್ನೇ ಅವಲಂಬಿಸಿರುತ್ತವೆ. ಮೊದಲ ವರ್ಷಕ್ಕೆ ಹೋಗಲು ಗಣಿತದಲ್ಲಿ ಪ್ರತ್ಯೇಕವಾಗಿ ಎಷ್ಟು ಅಂಕ ಬೇಕು, ಅದು ಬಾರದಿದ್ದರೆ ಮರುಪರೀಕ್ಷೆ ಇದೆಯೇ ಎಂಬುದನ್ನೂ ಬರವಣಿಗೆಯಲ್ಲಿ ತರಿಸಿಕೋ. ಇವೆಲ್ಲಕ್ಕೂ ಉತ್ತರ ಕೈಗೆ ಬರುವವರೆಗೆ, ಏಜೆಂಟರು ಎಷ್ಟೇ ಅವಸರಪಡಿಸಿದರೂ ಅಪ್ಪನಿಂದ ಮುಂಗಡ ಕಟ್ಟಿಸಬೇಡ.