ಶಿವಾ ಮನೆಗೆ ಹೋಗುವ ಮುಂಚೆ

ಲಂಡನ್ನಿಗೆ ಬಂದು ಎರಡೇ ತಿಂಗಳು ಅಂತೀರಿ. ಆಫೀಸಿನ ಯಹೂದಿ ಗೆಳೆಯನ ತಾಯಿ ತೀರಿಕೊಂಡಿದ್ದಾರೆ, ನಾಳೆ ಅವರ ಮನೆಗೆ ಹೋಗಬೇಕು. ಮೇಲಿನ ಮನೆಯ ಪಾರ್ಸಿ ಆಂಟಿ ‘ಆತ್ಮ ಮೂರು ರಾತ್ರಿ ಇಲ್ಲೇ ಇರುತ್ತೆ’ ಎಂದರಂತೆ. ಯಹೂದಿಗಳೂ ಹಾಗೇ ನಂಬುತ್ತಾರಾ ಎಂದು ಕೇಳಿದ್ದೀರಿ.

ಮೊದಲು ಒಂದು ಮಾತು. ಹೂವು ಒಯ್ಯಬೇಡಿ. ನಾನು ಬಂದ ಹೊಸದರಲ್ಲಿ ದೊಡ್ಡ ಹೂಗುಚ್ಛ ಹಿಡಿದು ಹೋಗಿದ್ದೆ. ಯಾರೂ ಏನೂ ಅನ್ನಲಿಲ್ಲ. ಅದು ಬಾಗಿಲ ಬಳಿ ಕೊಡೆಗಳ ಪಕ್ಕದಲ್ಲೇ ಬಿದ್ದಿತ್ತು. ಈ ಏಳು ದಿನದ ಶೋಕಕ್ಕೆ ‘ಶಿವಾ’ ಅಂತಾರೆ. ಹೀಬ್ರೂನಲ್ಲಿ ಏಳು ಅಂತ ಅರ್ಥ, ನಮ್ಮ ಶಿವನಲ್ಲ. ಮನೆಯವರು ಗಿಡ್ಡ ಸ್ಟೂಲಿನ ಮೇಲೆ ಕೂತಿರುತ್ತಾರೆ. ಅವರಾಗಿ ಮಾತಾಡುವವರೆಗೆ ಸುಮ್ನೆ ಕೂತಿರಿ.

ಪಾರ್ಸಿಗಳ ನಂಬಿಕೆ ಕಥೆಯ ಹಾಗೆ ಕಣ್ಣಿಗೆ ಕಟ್ಟುತ್ತದೆ. ನಾಲ್ಕನೇ ದಿನ ಬೆಳಗಿನ ಜಾವ ಆತ್ಮ ಚಿನ್ವತ್ ಸೇತುವೆಗೆ ಹೊರಡುತ್ತದೆ. ಅಲ್ಲಿ ಮಿತ್ರ, ಸರೋಶ್, ತಕ್ಕಡಿ ಹಿಡಿದ ರಶ್ನು ಎಂಬ ಮೂವರು ದೇವತೆಗಳು ವಿಚಾರಣೆ ಮಾಡುತ್ತಾರೆ. ಒಳ್ಳೆಯವನಿಗೆ ಸೇತುವೆ ಅಗಲವಾಗುತ್ತದೆ, ಕೆಟ್ಟವನಿಗೆ ಕತ್ತಿಯ ಅಲಗು. ನನಗೆ ಹಿಡಿಸಿದ್ದು ಅಲ್ಲಿ ಎದುರಾಗುವ ಹೆಣ್ಣು. ಒಳ್ಳೆಯವನಿಗೆ ಚೆಲುವೆ, ಇಲ್ಲದಿದ್ದರೆ ನೋಡಲಾಗದ ಕುರೂಪಿ. ಯಾರು ನೀನು ಅಂದರೆ, ನಿನ್ನದೇ ನಡೆನುಡಿ ಅನ್ನುತ್ತಾಳೆ. ಪಾಪ ಪುಣ್ಯ ಸಮ ಆದವರಿಗೂ ಹಮಿಸ್ತಗಾನ್ ಅಂತ ಒಂದು ಜಾಗ ಇದೆ. ಅಲ್ಲಿ ಚಳಿ, ಸೆಕೆ ಬಿಟ್ಟರೆ ಬೇರೆ ಶಿಕ್ಷೆ ಇಲ್ಲ. ಹೆಚ್ಚುಕಮ್ಮಿ ಲಂಡನ್ನೇ!

ಯಹೂದಿಗಳಲ್ಲಿ ಇಷ್ಟು ಬಿಡಿಸಿ ಹೇಳುವುದಿಲ್ಲ. ಅವರ ಮೂಲ ಧರ್ಮಗ್ರಂಥ ತೋರಾದಲ್ಲಿ ಸತ್ತ ಮೇಲಿನ ಮಾತೇ ಕಡಿಮೆ. ಹಳೆಯ ಗ್ರಂಥಗಳ ಶಿಯೋಲ್ ಅಂದರೆ ನೆಲದಡಿಯ ಕತ್ತಲು, ಒಳ್ಳೆಯವರೂ ಕೆಟ್ಟವರೂ ಅಲ್ಲಿಗೇ. ಸತ್ತವರು ಎದ್ದು ಬರುತ್ತಾರೆ ಎಂಬುದು ಸ್ಪಷ್ಟವಾಗಿ ಬರುವುದು ಆಮೇಲಿನ ದಾನಿಯೇಲನ ಪುಸ್ತಕದಲ್ಲಿ. ಕ್ರಿ.ಪೂ. 539ರಲ್ಲಿ ಪಾರ್ಸಿಗಳ ಪೂರ್ವಜರ ನಾಡಾದ ಪರ್ಷಿಯದ ದೊರೆ ಸೈರಸ್ ಬ್ಯಾಬಿಲೋನ್ ಗೆದ್ದ, ಆಮೇಲೆ ಸುಮಾರು 200 ವರ್ಷ ಯಹೂದಿಗಳು ಪರ್ಷಿಯನ್ನರ ಆಳ್ವಿಕೆಯಲ್ಲಿದ್ದರು. ಆ ನಂಬಿಕೆ ಅಲ್ಲಿಂದಲೇ ಬಂತು ಅಂತ ಕೆಲವು ವಿದ್ವಾಂಸರು ಹೇಳುತ್ತಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಸೇತುವೆಯ ಕಥೆ ವಿವರವಾಗಿ ಸಿಗುವ, ಪರ್ಷಿಯದ ಹಳೆಯ ಭಾಷೆ ಪಹ್ಲವಿಯ ಪುಸ್ತಕಗಳು ಎಷ್ಟೋ ಶತಮಾನ ತಡವಾಗಿ ಬಂದವು.

ನಿಮ್ಮ ಪ್ರಶ್ನೆಗೆ ಬಂದರೆ, ಹೌದು, ಮೂರು ದಿನ ಆತ್ಮ ದೇಹದ ಸುತ್ತಲೇ ಸುಳಿಯುತ್ತದೆ ಎಂಬ ಮಾತು ಯಹೂದಿ ಧರ್ಮಗುರುಗಳಾದ ರಬ್ಬಿಗಳ ಹಳೆಯ ಬರಹಗಳಲ್ಲೂ ಇದೆ. ನರಕ ಶಾಶ್ವತ ಅಲ್ಲ ಅನ್ನುವುದರಲ್ಲೂ ಹತ್ತಿರ. ಪಾರ್ಸಿಗಳಲ್ಲಿ ಲೋಕದ ಕೊನೆಗೆ ಎಲ್ಲರೂ ಕಾದ ಲೋಹದ ಹೊಳೆ ದಾಟಿ ಶುದ್ಧರಾಗುತ್ತಾರೆ. ಪುಣ್ಯವಂತರಿಗೆ ಅದು ಬೆಚ್ಚಗಿನ ಹಾಲಿನ ಹಾಗಂತೆ. ಯಹೂದಿಗಳ ನರಕವಾದ ಗೆಹಿನ್ನೋಮ್‌ನಲ್ಲಿ ಹೆಚ್ಚೆಂದರೆ 12 ತಿಂಗಳು. ತೀರಿಕೊಂಡ ಹೆತ್ತವರಿಗಾಗಿ ಮಕ್ಕಳು ಕದ್ದೀಶ್ ಪ್ರಾರ್ಥನೆ ಹೇಳುವುದು ಮಾತ್ರ 11 ತಿಂಗಳು. ಪೂರ್ತಿ ಹನ್ನೆರಡು ಹೇಳಿದರೆ ಹೆತ್ತವರನ್ನು ಪಾಪಿಗಳು ಅಂದಂತೆ ಆಗುತ್ತದೆ, ಅಲ್ವಾ?

ಗೆಳೆಯನ ಹತ್ತಿರ ಇದೆಲ್ಲ ಕೇಳಬೇಡಿ. ಅವನ ಅಮ್ಮ ಹೇಗಿದ್ದರು ಅಂತ ಕೇಳಿ. ಚಿತ್ರಾನ್ನ ಮಾಡಿ ಒಯ್ಯುವುದೂ ಬೇಡ, ಕೋಷರ್ ಅಂದರೆ ಯಹೂದಿ ಊಟದ ಕಟ್ಟುಪಾಡು ಪಾಲಿಸುವ ಮನೆಯಾದರೆ ತಿನ್ನುವಂತಿಲ್ಲ. ಇಡೀ ಹಣ್ಣು ಸಾಕು. ಮತ್ತೆ ನಾಳೆ ಶುಕ್ರವಾರ. ಸಂಜೆ ಅವರ ವಾರದ ವಿಶ್ರಾಂತಿ ದಿನ ಸಬ್ಬತ್ ಶುರುವಾಗುತ್ತದೆ, ಮಧ್ಯಾಹ್ನವೇ ಹೋಗಿ ಬನ್ನಿ.