ಕೋಲಾರ-ಚಿಕ್ಕಬಳ್ಳಾಪುರದ ಕಡೆಯವರು ಕೆರೆ, ಜಲಪಾತಗಳ ಭೂವಿಜ್ಞಾನಿ ಆಗಬಹುದೇ?

ನದಿ ಇಲ್ಲ, ಜಲಪಾತ ಇಲ್ಲ, ಕೆರೆಗಳೂ ಒಣಗಿವೆ, ಊರು ಬಿಡಲೇಬೇಕಾ ಅಂತ ಕೇಳಿದ್ದೀರಿ. ಬಿ.ಎಸ್ಸಿ ಓದುವಾಗ ಗುಡಿಬಂಡೆಯಲ್ಲಿ ಕೂತು ನಾನೂ ಇದನ್ನೇ ಗೊಣಗುತ್ತಿದ್ದೆ.

ಆಗ ನಮ್ಮ ಮೇಷ್ಟ್ರು ಗ್ರೋವ್ ಕಾರ್ಲ್ ಗಿಲ್ಬರ್ಟ್ ವಿಷಯ ಹೇಳಿದರು. 1843ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಭೂವಿಜ್ಞಾನಿ. ನಯಾಗರ ಜಲಪಾತದ ಹಳೆಯ ಅಳತೆಗಳನ್ನು ಹೊಸದರ ಜೊತೆ ಇಟ್ಟು, ಅದರ ಕುದುರೆಲಾಳದಂಥ ಭಾಗ ವರ್ಷಕ್ಕೆ ಸುಮಾರು 5 ಅಡಿ ಹಿಂದೆ ಸರಿಯುತ್ತಿದೆ ಎಂದು ಲೆಕ್ಕ ಹಾಕಿದರು. ಆದರೆ ಅವರ ದೊಡ್ಡ ಕೆಲಸ ಅಲ್ಲಿನ ಯೂಟಾ ರಾಜ್ಯದ ಬಾನವಿಲ್ ಸರೋವರದ ಮೇಲಿನದು. ಅದು ಬತ್ತಿ ಸಾವಿರಾರು ವರ್ಷ ಆಗಿತ್ತು! ಬೆಟ್ಟಗಳ ಮೇಲೆ ಉಳಿದ ದಡದ ಗೆರೆ ಅಳೆದರೆ, ಸಮ ಇರಬೇಕಾದ ಗೆರೆ ನಡುವಿನ ಬೆಟ್ಟಗಳಲ್ಲಿ ಎತ್ತರ, ಅಂಚಿನಲ್ಲಿ ತಗ್ಗು. ನೀರಿನ ಭಾರಕ್ಕೆ ಕುಗ್ಗಿದ್ದ ನೆಲ, ನೀರು ಹೋದ ಮೇಲೆ ಎದ್ದಿತ್ತು. 1890ರಲ್ಲಿ ಇದು ಪುಸ್ತಕವಾಯಿತು.

ಬತ್ತಿದ ಕೆರೆಯೂ ಗುರುತು ಬಿಟ್ಟು ಹೋಗಿರುತ್ತದೆ ಅಂತ ನನಗೆ ಅರ್ಥವಾಗಿದ್ದು ಆಮೇಲೆ, ದುಡ್ಡು ಕಳೆದ ಮೇಲೆ. ಬೋರ್‌ವೆಲ್‌ಗೆ ಪಾಯಿಂಟ್ ತೋರಿಸುವ ಕೆಲಸ ಶುರು ಮಾಡಿದ್ದೆ. ಸ್ವಂತ ಮಾವನ ಹೊಲ. ನೆಲ ಕರೆಂಟನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುವ ರೆಸಿಸ್ಟಿವಿಟಿ ಮೀಟರ್ ಒಂದು ಕಡೆ ತುಂಬಾ ಕಡಿಮೆ ತೋರಿಸಿತು. ಕಡಿಮೆ ಅಂದರೆ ನೀರು ಅಂದುಕೊಂಡೆ. ತಪ್ಪಾಗಿದ್ದು ಇಲ್ಲೇ. ನೀರು ತುಂಬಿದ ಬಿರುಕುಬಂಡೆ ಕರೆಂಟನ್ನು ಸಲೀಸಾಗಿ ಬಿಡುತ್ತದೆ, ನಿಜ. ಒದ್ದೆ ಜೇಡಿಮಣ್ಣೂ ಬಿಡುತ್ತದೆ. ಆದರೆ ಜೇಡಿ ನೀರನ್ನು ಹಿಡಿದುಕೊಳ್ಳುತ್ತದೆ, ಕೊಡುವುದಿಲ್ಲ. ಮೀಟರಿಗೆ ಎರಡೂ ಒಂದೇ. ನಾನು ಮೀಟರ್ ನೋಡಿದೆನೇ ಹೊರತು ಹೊಲ ನೋಡಲಿಲ್ಲ. ಹೊಂಗೆ ಮರದ ಹತ್ತಿರ ಅರ್ಧ ಹೂತ ತೂಬಿನ ಕಲ್ಲು ಇತ್ತು. ಉತ್ತು ಸವೆದ ಏರಿ ಬದುವಿನ ಹಾಗೆ ಕಾಣುತ್ತಿತ್ತು. ಊರವರು ಆ ಹೊಲವನ್ನು ಕರೆಯುತ್ತಿದ್ದದ್ದೇ ಕಟ್ಟೆಹೊಲ ಅಂತ! ಅದು ಮುಚ್ಚಿಹೋದ ಕೆರೆ. ಮೀಟರ್ ಹಿಡಿದಿದ್ದು ಕೆರೆಗೋಡು. ರಿಗ್ ಲಾರಿ 1,100 ಅಡಿ ಕೊರೆಯಿತು. ಬರೀ ಬಿಳಿ ಧೂಳು. ಮಾವ ಒಂದು ಮಾತೂ ಆಡಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಗಿಲ್ಬರ್ಟ್ ಕೂಡ ಎಡವಿದ್ದರು. 1891ರಲ್ಲಿ ಅರಿಜೋನಾದ ದೊಡ್ಡ ಕುಳಿ ನೋಡಲು ಹೋದರು. ಉಲ್ಕೆ ಬಿದ್ದಿದ್ದರೆ ಕೆಳಗೆ ಕಬ್ಬಿಣ ಇರಬೇಕು, ಅದರ ಸೆಳೆತ ಕಾಣಬೇಕು ಎಂದು ಕಾಂತದ ಪರೀಕ್ಷೆ ಮಾಡಿದರು. ಏನೂ ಸಿಗಲಿಲ್ಲ. ಇದು ಆವಿಯ ಸ್ಫೋಟ ಅಂದುಬಿಟ್ಟರು. ಆಮೇಲೆ ಗೊತ್ತಾಯಿತು, ಅದು ಉಲ್ಕೆಯ ಕುಳಿಯೇ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅನ್ನುತ್ತೇನೆ. ಬತ್ತಿದ ಕೆರೆಯ ಒಳಗೆ ನಡೆದು ನೋಡಬಹುದು, ತುಂಬಿದ ಕೆರೆಯಲ್ಲಿ ಆಗುತ್ತಾ? ಎಂ.ಎಸ್ಸಿ ಎಲ್ಲಿ ಮಾಡಬೇಕು ಅನ್ನುವುದು ಆಮೇಲೆ. ಮೊದಲು ನಿಮ್ಮ ಊರಿನ ಹಿರಿಯರ ಹತ್ತಿರ ಹೋಗಿ, ಹೊಲಗಳ ಹೆಸರು ಬರೆದುಕೊಳ್ಳಿ. ನಮ್ಮ ಕಟ್ಟೆಹೊಲದಲ್ಲಿ ಈಗ ಕೃಷಿಹೊಂಡ ಇದೆ. ಜೇಡಿ ಇರುವುದರಿಂದ ನೀರು ಇಂಗುವುದಿಲ್ಲ, ಮಾವನಿಗೆ ಅಷ್ಟಾದರೂ ಸಿಕ್ಕಿತು.