‘ಹೆಸರು ಮಾತ್ರ ಹಾಕಿ ಕೊಡಿ’ ಅಂದರೆ ಎಷ್ಟು ಕೇಳಲಿ?

ಪ್ರಶ್ನೆ: ಉಡುಪಿಯಲ್ಲಿ ಹನ್ನೊಂದು ವರ್ಷದಿಂದ ಡಿಸೈನ್ ಕೆಲಸ ಮಾಡುತ್ತಿದ್ದೇನೆ. ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಪೋಸ್ಟರ್, ಮದುವೆ ಬ್ಯಾನರ್. ಪೋಸ್ಟರ್‌ಗೆ 1,500 ರೂಪಾಯಿ ತೆಗೆದುಕೊಳ್ಳುತ್ತಿದ್ದೆ. ಕಳೆದ ತಿಂಗಳು ಹಳೆಯ ಗಿರಾಕಿಯೊಬ್ಬರು ಎಐ ಮಾಡಿದ ಚಿತ್ರ ಮೊಬೈಲಿನಲ್ಲಿ ತೋರಿಸಿ, ‘ಹೆಸರು ಮಾತ್ರ ಹಾಕಿ ಕೊಡಿ, 200 ಕೊಡ್ತೇನೆ’ ಅಂದರು. ಮಾಡಿಕೊಟ್ಟೆ. ರಾತ್ರಿ ನಿದ್ದೆ ಬರಲಿಲ್ಲ. ಈ ಕೆಲಸ ಬಿಡಬೇಕಾ? ನಾವೂ ಒಂದು ಸಂಘ ಕಟ್ಟಿದರೆ ಹೇಗೆ?
– ಹೆಸರು ಬೇಡ, ಕುಂಜಿಬೆಟ್ಟು

ಉತ್ತರ: ಮಾರಾಯ್ರೇ, ನಾನು ಬೋರ್ಡ್ ಬರೆಯುತ್ತಿದ್ದವನು. ತಗಡು, ಇನಾಮೆಲ್ ಪೇಂಟ್, ಟರ್ಪೆಂಟೈನ್ ವಾಸನೆ. ಆಮೇಲೆ ಫ್ಲೆಕ್ಸ್ ಬಂತು. ನನ್ನ ಮೂರು ದಿನದ ಕೆಲಸ ಅದಕ್ಕೆ ಅರ್ಧ ಗಂಟೆ. ‘ಬಿಸಿಲಿಗೆ ಮಾಸುತ್ತದೆ, ಜನ ವಾಪಸ್ ಬರ್ತಾರೆ’ ಅಂತ ಎರಡು ವರ್ಷ ಕಾದೆ. ಫ್ಲೆಕ್ಸ್ ಮಾಸಿದ್ದು ನಿಜ. ಜನ ಮಾತ್ರ ಬರಲಿಲ್ಲ. ಇನ್ನೊಂದು ಫ್ಲೆಕ್ಸ್ ಹಾಕಿಸಿದರು.

ಹಾಗಾಗಿ ‘ಎಐಗೆ ಒತ್ತಕ್ಷರ ಸರಿ ಬರುವುದಿಲ್ಲ’ ಅಂತ ಸುಮ್ನೆ ಸಮಾಧಾನ ಮಾಡಿಕೊಳ್ಳಬೇಡಿ. 2022ರಲ್ಲಿ ಈ ಚಿತ್ರದ ಯಂತ್ರಗಳು ಜನರ ಕೈಗೆ ಸಿಕ್ಕಾಗ ಮನುಷ್ಯನ ಕೈಗೆ ಆರು ಬೆರಳು ಬರೆಯುತ್ತಿದ್ದವು. ಈಗ ಹೆಚ್ಚಾಗಿ ಐದೇ ಇರುತ್ತವೆ.

ನನಗೆ ಉಳಿದದ್ದು ಮಲ್ಪೆ ಬಂದರು. ಜೂನ್ 1ರಿಂದ ಜುಲೈ 31, ಒಟ್ಟು 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಡದಲ್ಲಿರುತ್ತವೆ. ಆಗ ಟಾರ್ಪಾಲಿನ ಕೆಳಗೆ ಕೂತು ಹೆಸರು, ನೋಂದಣಿ ಸಂಖ್ಯೆ ಬರೆಯುತ್ತೇನೆ. ಉಪ್ಪು ನೀರಿನಲ್ಲಿ ಫ್ಲೆಕ್ಸ್ ನಿಲ್ಲುವುದಿಲ್ಲ. ಒಂದು ಅಂಕೆ ತಪ್ಪಿದರೆ ತಪಾಸಣೆಯಲ್ಲಿ ಸಿಕ್ಕಿಬೀಳುವುದು ಬೋಟಿನವರು. ಅದಕ್ಕೇ ಮಾಲಕರು ಈ ವಿಷಯದಲ್ಲಿ ಚೌಕಾಶಿ ಮಾಡುವುದು ಕಡಿಮೆ.

ನಿಮ್ಮ ಕೆಲಸದಲ್ಲಿ ಅಂಥ ಜಾಗ ಯಾವುದು, ಅದನ್ನು ಹುಡುಕಿ. ಮೊನ್ನೆ ಮೊಮ್ಮಗನ ಫೋನಿನಲ್ಲಿ ಎಐ ಹತ್ತಿರ ಯಕ್ಷಗಾನದ ಬಡಗುತಿಟ್ಟು ಶೈಲಿಯ ಕರ್ಣನ ಚಿತ್ರ ಕೇಳಿದೆ. ಮುಂಡಾಸು ಇರಬೇಕಾದಲ್ಲಿ ಕಥಕಳಿಯ ಕಿರೀಟ ಬಂತು, ಮುಖವಿಡೀ ಹಸಿರು! ಅದು ಕಲಿತದ್ದು ಇಂಟರ್ನೆಟ್ಟಿನ ಕೋಟಿಗಟ್ಟಲೆ ಚಿತ್ರಗಳಿಂದ. ಅಲ್ಲಿ ಕಥಕಳಿ ಜಾಸ್ತಿ, ನಮ್ಮ ಬಡಗು ಕಡಿಮೆ. ನಾಳೆ ಇದೂ ಸರಿಯಾದೀತು. ಆದರೆ ಸರಿಯಾಯಿತು ಅಂತ ನೋಡಿ ಹೇಳುವವರು ಯಾರು? ತಪ್ಪಾದರೆ ಬೈಗುಳ ತಿನ್ನುವವರು ಯಾರು? ಆ ಕೆಲಸಕ್ಕೆ ದುಡ್ಡು ಕೇಳಿ. ಮುಂದಿನ ಸಲ ‘ಅಕ್ಷರಕ್ಕಲ್ಲ, ಎಲ್ಲ ನೋಡಿ ಕೊಡಲಿಕ್ಕೆ 700’ ಅನ್ನಿ. ವೇಷ, ಪ್ರಸಂಗದ ಹೆಸರು, ಮುಹೂರ್ತ, ಭಾಗವತರ ಇನಿಷಿಯಲ್ಲು, ದಾನಿಗಳ ಪಟ್ಟಿ. ದಾನಿಗಳ ಹೆಸರು ಹಿಂದೆಮುಂದೆ ಆದರೆ ಊರಿನಲ್ಲಿ ಎಂತ ಆಗ್ತದೆ ಅಂತ ನಿಮಗೆ ನಾನು ಹೇಳಬೇಕಾ?

ಇಷ್ಟು ಮಾಡಿದರೂ ಅರ್ಧ ಗಿರಾಕಿಗಳು ಹೋಗುತ್ತಾರೆ. ಸುಳ್ಳು ಹೇಳುವುದಿಲ್ಲ. ನನಗೆ ಬಂದರಿನ ಕೆಲಸ ಕುದುರಲು ಐದು ವರ್ಷ ಬೇಕಾಯಿತು. ಅಷ್ಟು ದಿನ ಮನೆ ನಡೆದದ್ದು ಹೆಂಡತಿಯ ಹೊಲಿಗೆ ಮಿಷನ್ನಿನಿಂದ. ಕೆಲಸ ಬಿಡಬೇಡಿ, ಆದರೆ ಅದೊಂದನ್ನೇ ನಂಬಿಯೂ ಕೂರಬೇಡಿ.

ಸಂಘದ ವಿಷಯ. 2023ರಲ್ಲಿ ಅಮೆರಿಕದ ಸಿನಿಮಾ, ಟಿವಿ ಬರಹಗಾರರು 148 ದಿನ ಮುಷ್ಕರ ಮಾಡಿದರು. ಎಐ ಬಳಸಲೇಬೇಕು ಅಂತ ಬರಹಗಾರರನ್ನು ಒತ್ತಾಯಿಸುವಂತಿಲ್ಲ ಎಂಬ ಷರತ್ತು ಒಪ್ಪಂದದಲ್ಲಿ ಬಂತು. ಅವರ ಎದುರು ದೊಡ್ಡ ದೊಡ್ಡ ಕಂಪನಿಗಳಿದ್ದವು. ನಾವು ಯಾರ ಎದುರು ಮುಷ್ಕರ ಕೂರುವುದು, ಮದುಮಗನ ಅಪ್ಪನ ಎದುರಾ? ಆದರೆ ಕಲ್ಸಂಕದಿಂದ ಮಣಿಪಾಲದವರೆಗಿನ ಡಿಸೈನರ್‌ಗಳು ಒಂದು ಸಂಜೆ ಚಹಾಕ್ಕೆ ಸೇರಿ, 200ಕ್ಕೆ ಯಾರೂ ಮಾಡುವುದು ಬೇಡ ಅಂತ ಮಾತಾಡಿಕೊಳ್ಳಬಹುದು, ಅಲ್ವಾ? ಒಬ್ಬರು ಮಾತು ಮುರಿಯುತ್ತಾರೆ. ಬೋರ್ಡಿನವರು ಸೇರಿದಾಗ ಮುರಿದದ್ದು ನಾನೇ.

ಪ್ರಶ್ನೆ: ಮಗಳು ಪಿಯುಸಿ ಮುಗಿಸಿ ಅನಿಮೇಷನ್ ಕೋರ್ಸ್ ಸೇರುತ್ತೇನೆ ಅನ್ನುತ್ತಾಳೆ. ಎಐ ಕಾಲದಲ್ಲಿ ಇದು ಬೇಕಾ?
– ಒಬ್ಬ ತಾಯಿ, ಮಂಗಳೂರು

ಉತ್ತರ: ಫೀಸು ಕಟ್ಟುವ ಮೊದಲು ಹೋದ ವರ್ಷ ಅಲ್ಲಿ ಮುಗಿಸಿದ ಇಬ್ಬರು ಮಕ್ಕಳ ನಂಬರ್ ಕೇಳಿ, ನೀವೇ ಫೋನ್ ಮಾಡಿ. ನಂಬರ್ ಕೊಡಲು ಮೀನಮೇಷ ಎಣಿಸಿದರೆ ಅಲ್ಲಿಂದ ಎದ್ದು ಬನ್ನಿ. ಮಗಳಿಗೆ ಒಂದು ಸ್ಕೆಚ್ ಪುಸ್ತಕ ಕೊಡಿಸಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ.